ತೊಟ್ಟಿಲಕ್ಕ ಹಾಕದ ಹೆಸರು

ಸಿಂದಗಿ, ಶುಕ್ರವಾರ, 12 ಡಿಸೆಂಬರ್ 2025

ಅವ್ವನ ಮಾತು ಇನ್ನೂ ಕಿವ್ಯಾಗ ಕುಂತೈತಿ. ರವಿವಾರ ತವರುಮನಿ ಮೋರಟಗ್ಯಾಗ ತಮ್ಮ ಪರಶುನ ಮಗಳನ್ನ ತೊಟ್ಟಿಲಕ್ಕ ಹಾಕ್ತಾರ. ಕೂಸಿನ ಅಪ್ಪನ ಅಕ್ಕ, ಸ್ವಾದರತ್ತಿ ನಾನ, ಹೆಸರು ಕೂಗಾಕಿ ನಾನ. ಅವ್ವ ಫೋನಿನ್ಯಾಗ ಅಂದ್ಲು, "ನಿನ್ನ ಕೂಸಿಗಂತ ತಗದಿಟ್ಟಿದ್ಯಲ್ಲ, ಆ ಹೆಸರ ಇಡು. ಸುಮ್ನ ಬಿದ್ದೈತಿ."

ಕೂಸಿಗೆ ತೊಡಸದ ಉಳದ ಕುಂಚಿಗಿ ಕೊಟ್ಟಂಗ ಕೊಡಬೇಕಂತ.

ಇವತ್ತ ಸಾಲ್ಯಾಗ ಹತ್ತನೇ ಕ್ಲಾಸಿಗೆ ನೂರಾ ಹದಿನೆಂಟನೇ ಧಾತುವಿನ ಪಾಠ ಹೇಳಿದೆ, ಒಗನೆಸಾನ್. ಲ್ಯಾಬಿನ್ಯಾಗ ಮನುಷ್ಯಾರು ಮಾಡಿದ್ದು. ಕಣ್ಣು ಮುಚ್ಚಿ ತಗಿಯೂದರೊಳಗ ಒಡದು ಹೋಗತೈತಿ. ಒಬ್ಬಾಕಿ ಕೇಳಿದ್ಲು, "ಅಷ್ಟೊತ್ತು ಇರೂದಕ್ಕ ಹೆಸರ್ಯಾಕ್ರಿ ಟೀಚರ್?" ಎಲ್ಲಾರೂ ನಕ್ರು. ನಾನೂ ನಕ್ಕೆ.

ನನ್ನ ಮಗಳು ಒಂದಿಡೀ ರಾತ್ರಿ ಇದ್ಲು. ನನ್ನ ಬಟ್ಟು ಹಿಡಕೊಂಡಿದ್ಲು. ಮುಂಜಾನೆ ಮಣ್ಣು ಮಾಡಿ ಬಂದಾಗ, "ತೊಟ್ಟಿಲಕ್ಕ ಹಾಕದ ಕೂಸಿಗೆ ಎಲ್ಲೀ ಹೆಸರು" ಅಂದಾಕಿ ಇದ ಅವ್ವ.

ವಿಜ್ಞಾನಿಗಳದು ಒಂದು ಕಾನೂನೈತಿ. ಒಂದು ಧಾತುವಿಗೆ ಅಂತ ಬಳಸಿ ಬಿಟ್ಟ ಹೆಸರನ್ನ ಇನ್ನೊಂದಕ್ಕ ಇಡಂಗಿಲ್ಲ. ಕಣ್ಣಿಗೆ ಕಾಣದ ಪರಮಾಣುವಿಗೆ ಅಷ್ಟು ಮರ್ಯಾದಿ ಕೊಡ್ತಾರ. ನಮ್ಮ ಮನ್ಯಾಗ ಅಷ್ಟೂ ಇಲ್ಲ.

ಹೋಗ್ತೇನಿ. ಬ್ಯಾರೆ ಹೆಸರ ಕೂಗ್ತೇನಿ. ಪರಶುನ ಕೂಸಿಂದೇನು ತಪ್ಪು. ಅವ್ವ ಮಾರಿ ಉಬ್ಬಸಿದ್ರ ಉಬ್ಬಸಲಿ. ನನ್ನ ಮಗಳ ಹೆಸರು ಈ ಡೈರ್ಯಾಗೂ ಬರಿಯಂಗಿಲ್ಲ.

ಆದ್ರ ಕೂಸಿನ ಕಿವ್ಯಾಗ ಕುರ್ರ್ ಅಂದು ಹೆಸರು ಹೇಳಾಕ ಬಗ್ಗಿದಾಗ, ಪದ್ಧತಿಯಂಗ ಹೆಣ್ಮಕ್ಕಳೆಲ್ಲಾ ಸ್ವಾದರತ್ತಿ ಬೆನ್ನಿಗೆ ಗುದ್ತಾರ. ಆ ಗುದ್ದಿಗೆ ನನ್ನ ಬಾಯಿಂದ ಯಾವ ಹೆಸರು ಹೊರಗ ಬೀಳತೈತೋ.