ನಿನ್ನ ಕೆನ್ನೆಗೆ ಬಡಿದ ಚಮಚ

ನನ್ನ ಹಟಮಾರಿ ಅಕ್ಕನಿಗೆ,

ಪಕ್ಕದ ಕೋಣೆಯಲ್ಲೇ ಇದ್ದುಕೊಂಡು ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಬಂತು ಧಾಡಿ ಎಂದು ಬೈದುಕೋ, ಪರವಾಗಿಲ್ಲ. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ಅಂಗಿಯ ಅಳತೆ ಗುರುತು ಹಾಕುವ ಕಂದು ಹಾಳೆಯನ್ನು ಉದ್ದಕ್ಕೆ ಕತ್ತರಿಸಿ, ನಿನಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ಒಂದೇ ಬದಿಗೆ ಬರೆದಿದ್ದೇನೆ. ನೀನು ಓದಿದಂತೆಲ್ಲ ಹಾಳೆ ಮೇಲೇರುತ್ತಿದೆ ಅಲ್ಲವೇ? ಹೇಗೆಂದು ಕೊನೆಗೆ ಹೇಳುತ್ತೇನೆ. ಅಲ್ಲಿಯತನಕ ಹಿಂದೆ ಇಣುಕಬೇಡ.

ಮಂಗಳವಾರದಿಂದ ನನಗೆ ಒಂದೇ ಭಯ. ಕಣ್ಣು ಮುಚ್ಚಿದರೆ ಆ ಚಮಚವೇ ಕಾಣುತ್ತದೆ. ಕಾಯಿಲೆ ನಿನ್ನ ಎರಡೂ ಕೈಗಳ ಬಲ ತಿಂದು ಹಾಕಿದ ಮೇಲೆ, ಉಣ್ಣಿಸುವ ಕೈಯೊಂದನ್ನು ನಾನೇ ಮಾಡಿಕೊಡುತ್ತೇನೆ ಎಂದು ಕುಣಿದವಳು ನಾನು. ಹೇಳಿದಷ್ಟೇ ತಿರುಗಿ ಅಲ್ಲೇ ನಿಲ್ಲುವ ಸರ್ವೋ ಮೋಟಾರು ನಾಲ್ಕು, ಅವುಗಳಿಗೆ ಅಪ್ಪಣೆ ಕೊಡುವ ಅಂಗೈಯಗಲದ ಒಂದು ಬೋರ್ಡು. ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲಿ ರಿಪೇರಿ ಮಾಡುವ ರೇಡಿಯೋ ಮಾವ ಕಲಿಸಿದರು, ನಾನು ಜೋಡಿಸಿದೆ. ಮೇಜಿನ ಮೇಲೆ ಆ ಕೈ ಖಾಲಿ ಚಮಚವನ್ನು ನೂರು ಸಲ ಎತ್ತಿತು, ಇಳಿಸಿತು. ನಾನು ಊರಿಗೆಲ್ಲ ಹೇಳಿಕೊಂಡು ಬಂದೆ.

ಮಂಗಳವಾರ ಚಮಚದ ತುಂಬ ಸೂಪು ಇತ್ತು. ಅದು ನಿನ್ನ ಬಾಯಿಯ ಹತ್ತಿರ ಬಂತು, ನಿಂತಿತು, ನಡುಗಿತು. ಬೋರ್ಡಿನ ದೀಪ ಒಮ್ಮೆ ಆರಿ ಹತ್ತಿತು. ಮರುಕ್ಷಣ ಚಮಚ ಎಗರಿ ನಿನ್ನ ಕೆನ್ನೆಗೆ ಬಡಿಯಿತು. ಕಣ್ಣಿಗೆ ಒಂದೇ ಬೆರಳು ದೂರ. ನಾನು ಹಾರಿ ಹೋಗಿ ಪ್ಲಗ್ಗು ಕಿತ್ತೆ. ನೀನು ನೋಡಿದರೆ, ಗಲ್ಲದಿಂದ ಸೂಪು ತೊಟ್ಟಿಕ್ಕುತ್ತಿದ್ದರೂ, "ನನ್ನ ಕೈ ನೆಟ್ಟಗಿದ್ದಿದ್ರೆ ನಿಂಗೂ ಒಂದು ಬಿಡ್ತಿದ್ದೆ ಕಣೇ" ಎಂದು ನಕ್ಕೆ. ಆಮೇಲೆ ನಗು ನಿಲ್ಲಿಸಿ, "ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಿಚ್ಚಿ ಎಸಿ. ಇನ್ನೊಬ್ಬರ ಕೈಲಿ ತಿಂದು ತಿಂದು ಸಾಕಾಗಿದೆ ನಂಗೆ" ಎಂದೆ. ಅಂದಿನಿಂದ ನಾನು ತಿನ್ನಿಸಿದರೂ ನಾಲ್ಕು ಚಮಚಕ್ಕೆ ಮುಖ ತಿರುಗಿಸುತ್ತೀಯ. ನಿನ್ನ ರವಿಕೆಗಳ ಹೊಲಿಗೆ ಬಿಚ್ಚಿ ಒಳಗೆ ಹಿಡಿಯುವವಳು ನಾನು ತಾನೇ? ತಿಂಗಳಲ್ಲಿ ಎರಡು ಸಲ ಹಿಡಿದಿದ್ದೇನೆ. ಈ ಕೈ ಮತ್ತೆ ಕೆಟ್ಟರೆ ನೀನು ಊಟವನ್ನೇ ಬಿಟ್ಟುಬಿಡುತ್ತೀಯ ಎಂದು ನನಗೆ ಹೆದರಿಕೆ ಅಕ್ಕ.

ಆವತ್ತು ನಿನಗೆ, "ಪ್ರೋಗ್ರಾಂ ತಪ್ಪಾಗಿತ್ತು, ಸರಿಮಾಡಿದೀನಿ" ಎಂದೆನಲ್ಲ, ಅದು ಸುಳ್ಳು. ಏನು ತಪ್ಪೆಂದೇ ನನಗೆ ಗೊತ್ತಿರಲಿಲ್ಲ. ಅಡಾಪ್ಟರಿನ ಬಾಯಿಗೆ ಮೀಟರು ಹಿಡಿದರೆ ಐದು ವೋಲ್ಟು ಸರಿಯಾಗಿ ತೋರಿಸುತ್ತಿತ್ತು. ಹೊಸ ಅಡಾಪ್ಟರು ತಂದೆ, ಅದೇ ರೋಗ. ಕೊನೆಗೆ ರೇಡಿಯೋ ಮಾವ ಬಂದು, "ಅಲ್ಲಿ ಯಾಕಮ್ಮ ನೋಡ್ತೀಯ? ಮೋಟಾರಿನ ಹತ್ರ ಹಿಡಿ, ಅದೂ ಭಾರ ಎತ್ತೋವಾಗ" ಎಂದರು. ಹಿಡಿದೆ. ಚಮಚ ಏಳುತ್ತಿದ್ದಂತೆ ಐದು ಇದ್ದದ್ದು ಮೂರೂವರೆಗೆ ಕುಸಿಯಿತು. ಬೋರ್ಡಿಗೆ ಕರೆಂಟು ಸಾಲದೆ ಅದು ಸತ್ತು ಹುಟ್ಟುತ್ತಿತ್ತು. ಹುಟ್ಟಿದ ಕೂಡಲೇ ನಾಲ್ಕೂ ಮೋಟಾರುಗಳಿಗೆ ನಿಮ್ಮ ಸುತ್ತಿನ ನಡುಜಾಗಕ್ಕೆ ಬನ್ನಿ ಎಂದು ಅಪ್ಪಣೆ ಮಾಡುತ್ತಿತ್ತು. ಆ ನಡುಜಾಗ ಇದ್ದದ್ದು ನಿನ್ನ ಕೆನ್ನೆಯ ಮೇಲೆ.

ಈಗ ಹೇಳಲೇಬೇಕಾದ ಮಾತು. ಮೊದಲ ದಿನವೇ ಮಾವ ಬೆಂಕಿಕಡ್ಡಿಯಷ್ಟು ದಪ್ಪದ ತಂತಿಯ ಸುರುಳಿ ಕೊಟ್ಟಿದ್ದರು. ನಾನು ಹಾಕಲಿಲ್ಲ. ದಪ್ಪ ತಂತಿ ಆ ಕೈಗೆ ನಾನು ಹೊಲಿದು ತೊಡಿಸಿದ ಬಟ್ಟೆಯ ತೋಳಿನೊಳಗೆ ಉಬ್ಬಿ ಕಾಣುತ್ತದೆ, ನೋಡಿದವರು ಏನಂದಾರು ಎಂದು, ದಾರದಂಥ ತೆಳು ತಂತಿಯನ್ನು ಎಂಟು ಅಡಿ ಎಳೆದು ಅಂಚಿನೊಳಗೆ ಮಡಚಿ ಹೊಲಿದುಬಿಟ್ಟೆ. ಮೋಟಾರುಗಳು ಒಟ್ಟಿಗೆ ಎಳೆದಾಗ ಅಷ್ಟು ಕರೆಂಟು ಆ ದಾರದಲ್ಲಿ ಬರುವುದಾದರೂ ಹೇಗೆ? ಹೊಲಿಗೆ ನಾಜೂಕಾಗಿರಲಿ ಎಂಬ ನನ್ನ ಜಂಬಕ್ಕೆ ನಿನ್ನ ಕಣ್ಣು ಹೋಗುತ್ತಿತ್ತು. ಇದನ್ನು ನಿನ್ನ ಮುಖ ನೋಡಿ ಹೇಗೆ ಹೇಳಲಿ?

ಹೊಲಿಗೆಯನ್ನೆಲ್ಲ ಬಿಚ್ಚಿದೆ. ದಪ್ಪ ತಂತಿ ಹಾಕಿದೆ, ಅದನ್ನೂ ಗಿಡ್ಡ ಮಾಡಿದೆ. ಬೋರ್ಡಿಗೇ ಬೇರೆ ಅಡಾಪ್ಟರು ಕೊಟ್ಟೆ. ಅಷ್ಟಾದರೂ ಕೈ ಜ್ವರ ಬಂದವರ ಹಾಗೆ ನಡುಗಿದಾಗ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಮಾವ ಬಗ್ಗಿ ನೋಡಿ, "ಎರಡೂ ಅಡಾಪ್ಟರಿನ ಕಪ್ಪು ತಂತಿನ ಒಟ್ಟಿಗೆ ಸೇರಿಸ್ಬೇಕು ಮಾರಾಯ್ತಿ, ಇಲ್ದಿದ್ರೆ ಬೋರ್ಡು ಹೇಳೋದು ಮೋಟಾರಿಗೆ ಹೇಗೆ ಗೊತ್ತಾಗುತ್ತೆ?" ಎಂದರು. ಸೇರಿಸಿದೆ, ನಡುಕ ನಿಂತಿತು. ಆಮೇಲೆ ತುಂಬಿದ ಚಮಚವನ್ನು ನನ್ನ ಬಾಯಿಗೇ ತರಿಸಿಕೊಂಡೆ. ಮೊದಲ ಸಲ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಮೂರು ದಿನದಲ್ಲಿ ಇನ್ನೂರು ಚಮಚ ಸೂಪು ಕುಡಿದಿದ್ದೇನೆ ಅಕ್ಕ, ಇನ್ನು ಜನ್ಮದಲ್ಲಿ ಸೂಪು ಬೇಡ.

ಆದರೂ ಹೆದರಿಕೆ ಹೋಗಿಲ್ಲ. ಇನ್ನೂರಕ್ಕೆ ಸುಮ್ಮನಿದ್ದದ್ದು ಇನ್ನೂರ ಒಂದಕ್ಕೆ ಎಗರಿದರೆ? ಅದಕ್ಕೇ ನಿನ್ನ ಬಲಗಾಲಿನ ಕೆಳಗೆ ನನ್ನ ಹೊಲಿಗೆ ಯಂತ್ರದ ಪೆಡಲ್ ಇಟ್ಟಿದ್ದೇನೆ. ಒತ್ತಿದರೆ ಮೋಟಾರಿನ ಕರೆಂಟು ಪೂರ್ತಿ ಹೋಗಿ ಕೈ ಜೋತುಬೀಳುತ್ತದೆ. ಸೂಪು ಮಡಿಲಿಗೆ ಚೆಲ್ಲೀತು, ಚೆಲ್ಲಲಿ. ನಿಲ್ಲಿಸುವುದು ನಿನ್ನ ಇಷ್ಟ, ನನ್ನನ್ನು ಕೇಳಬೇಕಾಗಿಲ್ಲ.

ಈಗ ಹಾಳೆಯ ಹಿಂದೆ ನೋಡು. ಈ ಕಾಗದವನ್ನು ಹಿಡಿದು, ನಿನ್ನ ಓದಿನ ವೇಗಕ್ಕೆ ನಾನು ಹೊಂದಿಸಿದ ಹಾಗೆ ಒಂದೊಂದೇ ಸಾಲನ್ನು ನಿನ್ನ ಕಣ್ಣಿನ ಮಟ್ಟಕ್ಕೆ ಎತ್ತುತ್ತಿರುವುದು ಅದೇ ಕೈ. ಅದರ ಸದ್ದು ಕೇಳದಿರಲೆಂದೇ ರೇಡಿಯೋ ಜೋರಾಗಿ ಹಾಕಿದ್ದೆ. ಹಾಳೆಯ ತುದಿಗೆ ಅಂಗಿ ಗುಂಡಿಗಳ ಚೀಲ ಕಟ್ಟಿದ್ದೇನೆ, ತುಂಬಿದ ಚಮಚಕ್ಕಿಂತ ಎರಡರಷ್ಟು ಭಾರ. ಇಲ್ಲಿಯವರೆಗೆ ಓದುವಾಗ ಒಂದು ಅಕ್ಷರವಾದರೂ ನಡುಗಿದ್ದರೆ ಪೆಡಲ್ ಒತ್ತು. ನಾನೇ ಬಂದು ಎಲ್ಲವನ್ನೂ ಬಿಚ್ಚಿ ಎಸೆಯುತ್ತೇನೆ. ನಡುಗಿರದಿದ್ದರೆ ನನ್ನನ್ನು ಕರೆ. ಸೂಪಿನ ಬಟ್ಟಲು ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದೇನೆ. ಈಗ ನಡುಗುತ್ತಿರುವುದು ನನ್ನ ಕೈ ಮಾತ್ರ.

ಹೊಟ್ಟೆ ತುಂಬ ಉಂಡು, ಬಾಯಿ ತುಂಬ ನನ್ನನ್ನು ಬೈಯುತ್ತ, ನೂರು ವರ್ಷ ಬಾಳು.

ನಿನ್ನ ಜಂಬಗಾತಿ ತಂಗಿ