ಚುಕ್ಕೆ ಇಟ್ಟ ಎರಡು ಸಾಲು

ಬೈಲಹೊಂಗಲ
ವಿರೋಧಿಕೃತ್ ಸಂವತ್ಸರ, ಆಷಾಢ ಶುದ್ಧ ಪಂಚಮಿ, ಶನಿವಾರ
ತಾ. 1 ಜುಲೈ 1911

ಚಿ. ಸೌ. ಗುರವ್ವನಿಗೆ ನಿನ್ನ ಅಪ್ಪ ಅಂದಾನೆಪ್ಪ ಮಾಡುವ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಅವ್ವನೂ ನೆಟ್ಟಗಿದ್ದೇವೆ. ರಾಮದುರ್ಗದಲ್ಲಿ ನೀನು, ಅಳಿಯ ಮಹಾಂತಪ್ಪನವರು, ಕೂಸು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಿದ್ದರೆ ಅದು ಸರಿಯೇ. ಹತ್ತಿ ಬಿಡಿಸುವ ಜಿನ್ನಿನ ಕೆಲಸ ಬಹಳವಿತ್ತೆಂದು ಹೇಳಬಹುದು. ಆದರೆ ಮಳೆ ಹಿಡಿದು ಜಿನ್ನು ನಿಂತು ಮೂರು ವಾರವಾದವು. ಈ ಮೂರು ವಾರಕ್ಕೆ ನನ್ನ ಹತ್ತಿರ ನೆಪವಿಲ್ಲ. ಕೂಸು ತೆವಳುತ್ತ ಹೊಸ್ತಿಲ ತನಕ ಬಂತೆಂದು ಬರೆದದ್ದನ್ನು ನಿನ್ನ ಅವ್ವ ನನ್ನಿಂದ ಮೂರು ಸಲ ಓದಿಸಿದಳು. ಹೊಸ್ತಿಲಿಗೆ ಅಡ್ಡ ಹಲಗೆ ಇಡಬೇಕಂತೆ, ತಪ್ಪದೆ ಬರೆಯಿರಿ ಎಂದಿದ್ದಾಳೆ.

ಆ ಜಪಾನಿ ಹುಡುಗನ ತಾಯಿ ಏನು ಬರೆದಳು, ನಾನೇನು ಉತ್ತರ ಕೊಟ್ಟೆ ಎಂದು ಕೇಳಿದ್ದೀ. ನೀನು ಬಾಣಂತನಕ್ಕೆ ಬಂದಾಗ ಸೆಕಿನೋನನ್ನು ಒಂದೆರಡು ಸಲ ಕಂಡದ್ದಷ್ಟೆ. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ.

ಹೋದ ವರ್ಷ ಹೋಳಿಹುಣ್ಣಿಮೆಯ ಮುಂದೆ ಅವನು ನಮ್ಮ ಜಿನ್ನಿಗೆ ಬಂದ. ಇಪ್ಪತ್ಮೂರು ವರ್ಷ ವಯಸ್ಸು. ಅವನ ದೇಶದ ನೂಲಿನ ಗಿರಣಿಯವರು, ಬಿತ್ತನೆಯಿಂದ ಅರಳೆ ಒತ್ತಿ ಅಂಡಿಗೆ ಕಟ್ಟುವ ತನಕ ಒಂದು ವರ್ಷ ಪೂರ್ತಿ ಇದ್ದು ಈ ಕಡೆಯ ಹತ್ತಿಯನ್ನು ಕಲಿತು ಬಾ ಎಂದು ಕಳಿಸಿದ್ದರು. ಜಿನ್ನಿನ ಹಿಂದಿನ ಕೋಣೆಯಲ್ಲಿ ಇಳಿದುಕೊಂಡ. ಪೇಟೆಯವರು ಅವನನ್ನು ಸೆಕಿನಪ್ಪ ಎಂದು ಕರೆದರು, ಅವನೂ ಓ ಎಂದ. ಹಿಂದೂಸ್ತಾನಿ ಸ್ವಲ್ಪ ಬರುತ್ತಿತ್ತು. ಯುಗಾದಿ ಕಳೆದು ಎರಡು ತಿಂಗಳಿಗೆ ಹಮಾಲರ ಜೊತೆ ನಮ್ಮ ಮಾತನ್ನೇ ಆಡತೊಡಗಿದ. ಲ ಮಾತ್ರ ಅವನ ನಾಲಗೆಗೆ ಬರಲೇ ಇಲ್ಲ. ಬೈಲಹೊಂಗಲ ಅವನ ಬಾಯಲ್ಲಿ ಬೈರುಹೊಂಗರು ಆಗುತ್ತಿತ್ತು.

ನನ್ನ ಕೆಲಸ ನಿನಗೆ ಗೊತ್ತಿದೆ. ಗಾಡಿಯಿಂದ ಇಳಿದ ಹತ್ತಿಯ ಎಳೆ ಜಗ್ಗಿ ನೋಡಿ ಇದು ಇಂಥ ದರ್ಜೆಯದು ಎಂದು ಹೇಳುವುದು. ನಾನು ಹೇಳಿದ ಮೇಲೆ ಅವನು ಒಂದು ಹಿಡಿ ಹತ್ತಿಯನ್ನು ನೀಲಿ ಕಾಗದದಲ್ಲಿ ಸುತ್ತಿ, ಮೇಲೆ ತನ್ನ ಲಿಪಿಯಲ್ಲಿ ಏನೋ ಬರೆದು ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವನು ನಾನು. ನನ್ನ ಮಾತಿನ ಮೇಲೆ ಇನ್ನೊಬ್ಬ ಬರೆಯುತ್ತಾನೆ, ಅದು ನನಗೆ ಓದಲು ಬರುವುದಿಲ್ಲ ಎಂಬುದು ಸರಿ ಬರಲಿಲ್ಲ. ಏನು ಬರೆಯುತ್ತೀ ಎಂದು ಕೇಳಿದೆ. ಹೇಳುವುದಿಲ್ಲ, ಓದಲು ಕಲಿಸುತ್ತೇನೆ ಎಂದ.

ಮರುದಿನದಿಂದ ಜಿನ್ನಿನ ಸೀಟಿ ಊದುವುದಕ್ಕಿಂತ ಅರ್ಧ ತಾಸು ಮೊದಲು ಹೋಗತೊಡಗಿದೆ. ಅವರಲ್ಲಿ ಓದಿದವರು ಬರೆಯುವ ಚಿತ್ರದಂಥ ಅಕ್ಷರಗಳು ಸಾವಿರಗಟ್ಟಲೆ ಇವೆಯಂತೆ. ಅದು ಬೇಡ, ಮಕ್ಕಳು ಮೊದಲು ತಿದ್ದುವ ಅಕ್ಷರ ನಲವತ್ತೆಂಟು, ಅಷ್ಟು ಸಾಕು ಎಂದ. ಕಾತಾಕಾನಾ ಎಂದು ಅದರ ಹೆಸರು. ಮೊದಲ ದಿನ ಐದು ಬರೆದು ಓದಿಸಿದ: ಅ, ಇ, ಉ, ಎ, ಒ. ಎರಡನೆಯ ದಿನ ಕ, ಕಿ, ಕು, ಕೆ, ಕೊ. ಇದು ನಮ್ಮ ಕಾಗುಣಿತವೇ ಆಯಿತಲ್ಲ, ಎಂಟು ದಿನದಲ್ಲಿ ಮುಗಿಸುತ್ತೇನೆ ಎಂದುಕೊಂಡೆ. ಆದರೆ ನಮ್ಮಲ್ಲಿ ಕ ಕಲಿತರೆ ಕಿ, ಕು ಅದರ ಬೆನ್ನಿಗೇ ಬರುತ್ತವೆ. ಅವರ ಕ-ಗೂ ಕಿ-ಗೂ ಸಂಬಂಧವೇ ಇಲ್ಲ. ಒಂದೊಂದನ್ನೂ ಬೇರೆಯಾಗಿಯೇ ಕಲಿಯಬೇಕು. ಶಿ ಮತ್ತು ತ್ಸು ನನ್ನನ್ನು ಒಂದು ತಿಂಗಳು ಕಾಡಿದವು. ಎರಡೂ ಒಂದೇ ಥರ ಕಾಣುತ್ತವೆ. ಉದ್ದ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆದರೆ ಒಂದು, ಮೇಲಿನಿಂದ ಕೆಳಕ್ಕೆ ಎಳೆದರೆ ಇನ್ನೊಂದು. ನಾನು ತಪ್ಪಿದಾಗಲೆಲ್ಲ ಅವನು ನನ್ನ ಮಣಿಕಟ್ಟು ಹಿಡಿದು ಗೆರೆ ಎಳೆಸುತ್ತಿದ್ದ. “ತಲಿಗಿ ಬ್ಯಾಡ, ಕೈಗಿ ಕಲಿಸ್ರಿ” ಎನ್ನುತ್ತಿದ್ದ. ಲ ಇದ್ದಲ್ಲೆಲ್ಲ ರ ಅಂದುಕೊಂಡು.

ದಿನಕ್ಕೆ ಒಂದೊಂದು ಅಕ್ಷರ ಹತ್ತು ಸಾಲು. ಮನೆಗೆ ಬಂದು ನಿನ್ನ ಹಳೆಯ ಪಾಟಿಯ ಮೇಲೆ ಮತ್ತೆ ಹತ್ತು ಸಾಲು. ನಲವತ್ತೇಳನೆಯ ವಯಸ್ಸಿಗೆ ಇವರು ಹುಡುಗರ ಹಾಗೆ ಮತ್ತೆ ಸಾಲಿಗೆ ಹೊಂಟರು ಎಂದು ನಿನ್ನ ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ನಾನು ಒಂದು ದಿನವೂ ತಪ್ಪಿಸಲಿಲ್ಲ.

ನಾನಾಗಿಯೇ ಓದಿದ ಮೊದಲ ಶಬ್ದ ಇಂದಿಗೂ ನೆನಪಿದೆ. ಉಗರಗೋಳದ ಕಡೆಯಿಂದ ಬಂದ ಗಾಡಿಯ ಹತ್ತಿಯನ್ನು ಒಣಗಿದೆ, ಒಳ್ಳೆಯದಿದೆ ಎಂದು ನಾನು ದಾಟಿಸಿದ್ದೆ. ಅದರ ನೀಲಿ ಪೊಟ್ಟಣದ ಮೇಲೆ ಎರಡೇ ಅಕ್ಷರ ಇತ್ತು. ಅ, ಮೆ. ಅಮೆ ಅಂದರೇನು ಎಂದು ಕೇಳಿದೆ. ಅವನು ಆಕಾಶ ತೋರಿಸಿ ಬೆರಳುಗಳನ್ನು ಮೇಲಿನಿಂದ ಕೆಳಗೆ ಇಳಿಸಿದ. ಮಳೆ. ಪೊಟ್ಟಣ ಬಿಚ್ಚಿ ಮತ್ತೆ ಎಳೆ ಜಗ್ಗಿ ನೋಡಿದೆ. ಮಳೆ ಬಡಿದ ಹತ್ತಿಯೇ ಹೌದು, ನಾನೇ ತಪ್ಪಿದ್ದೆ. ಅವನು ಅದನ್ನು ಮಾಲಕರಿಗೆ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಅಂದಿನಿಂದ ಅವನ ಮೇಲೆ ನನಗೆ ಬೇರೆ ನಮೂನೆಯ ಪ್ರೀತಿ ಹುಟ್ಟಿತು.

ಶ್ರಾವಣದ ಹೊತ್ತಿಗೆ ನಲವತ್ತೆಂಟೂ ಕೈಗೆ ಬಂದವು. ಆಗ ಹೊಸ ಪಾಠ ಸುರುವಾಯಿತು. ಅವನು ತನ್ನ ಭಾಷೆಯ ಒಂದು ಸಾಲನ್ನು ನಿಧಾನವಾಗಿ ಹೇಳುವುದು, ನಾನು ಬರೆಯುವುದು. ನನಗೆ ಅರ್ಥ ಗೊತ್ತಿರಲಿಲ್ಲ. ಹತ್ತಿಗೆ, ನೀರಿಗೆ, ತಾಯಿಗೆ ಏನನ್ನುತ್ತಾರೆಂಬ ಇಂಥ ಹತ್ತಿಪ್ಪತ್ತು ಶಬ್ದ ಬಿಟ್ಟರೆ ಅವರ ಭಾಷೆ ನನಗೆ ಇಂದಿಗೂ ಬರುವುದಿಲ್ಲ. ಆದರೆ ಕಿವಿಗೆ ಬಿದ್ದದ್ದನ್ನು ತಪ್ಪಿಲ್ಲದೆ ಇಳಿಸುವುದು ಬಂತು. ತನ್ನ ತಾಯಿ ಓದಬಲ್ಲದ್ದೂ ಇಷ್ಟೇ ಅಕ್ಷರ, ಸಾಲೆಯಲ್ಲಿ ನೀವೂ ಅವಳೂ ಒಂದೇ ಇಯತ್ತೆ ಎಂದು ನಗುತ್ತಿದ್ದ. ಬಿತ್ತನೆ ತೋರಿಸಲು ಅವನನ್ನು ಮನೋಳಿಯ ಕಪ್ಪು ಮಣ್ಣಿನ ಎರಿ ಹೊಲಗಳಿಗೆ ಕರೆದುಕೊಂಡು ಹೋದಾಗಲೂ ದಾರಿಯುದ್ದಕ್ಕೂ ಗಾಡಿಯಲ್ಲಿ ಇದೇ ಪಾಠ. ಮಲಪ್ರಭೆಯ ದಂಡೆಯಲ್ಲಿ ರೊಟ್ಟಿ ಬಿಚ್ಚಿದಾಗ, ಇದೇ ಬಣ್ಣದ ಹೊಳೆ ತನ್ನ ಊರಲ್ಲೂ ಇದೆ ಎಂದ.

ಕಾರ್ತಿಕದಲ್ಲಿ ಜಿನ್ನಿನಲ್ಲಿ ಇಲಿ ಸತ್ತು ಬಿದ್ದವು, ಪ್ಲೇಗು ಬಂತು. ಮುಂದಿನದನ್ನು ನೀನೂ ಕಂಡಿದ್ದೀ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದೆವು, ಗುಡಿಸಲಲ್ಲಿಯೇ ನಿನಗೆ ಹೆರಿಗೆಯಾಯಿತು. ನೀನು ಹನ್ನೊಂದು ದಿನದ ಬಾಣಂತಿ ಇದ್ದಾಗ ಸೆಕಿನೋನಿಗೆ ಜ್ವರ ಬಂತು. ಮರುದಿನ ಕುತ್ತಿಗೆಯಲ್ಲಿ ಗಂಟು ಎದ್ದಿತು. ಕಿತ್ತೂರು ದಾರಿಯ ಬದಿಗೆ ಪ್ಲೇಗಿನವರಿಗೆಂದು ಹಾಕಿದ ಗುಡಿಸಲಿಗೆ ಅವನನ್ನು ಒಯ್ದರು. ಅಲ್ಲಿ ಉಪಚಾರಕ್ಕಿದ್ದ ಲಗಮಣ್ಣ ಮೂರನೆಯ ದಿನ ನನಗೆ ಹೇಳಿಕಳಿಸಿದ: ಜಪಾನಿಯವ ಕರೆಯುತ್ತಿದ್ದಾನೆ, ಕಾಗದ ಪೆನ್ಸಿಲ್ ತರಬೇಕಂತೆ.

ಹೋದೆ. ಗುಡಿಸಲ ಸುತ್ತ ಹಗ್ಗ ಕಟ್ಟಿದ್ದರು. ನೋಡಬಂದವರು ಅದರ ಹೊರಗೆ ನಿಲ್ಲಬೇಕು. ಲಗಮಣ್ಣ ಅವನ ಚಾಪೆಯನ್ನು ಬಾಗಿಲ ಹತ್ತಿರ ಎಳೆದು ಮಲಗಿಸಿದ. ಅವನು ನನ್ನನ್ನು ಗುರುತು ಹಿಡಿದ. “ಅವ್ವಗ ಬರೀರಿ” ಎಂದ. ಆಮೇಲೆ ನಮ್ಮ ಮಾತು ಬಿಟ್ಟು ತನ್ನ ಭಾಷೆಯಲ್ಲಿ ಹೇಳತೊಡಗಿದ. ಪಾಠದಲ್ಲಿ ಹೇಳುತ್ತಿದ್ದಂತೆಯೇ, ಒಂದೊಂದು ಅಕ್ಷರವನ್ನೂ ಬಿಡಿಸಿ. ನಾನು ಕಾಗದವನ್ನು ಹಗ್ಗ ಕಟ್ಟಿದ ಗೂಟಕ್ಕೆ ಆನಿಸಿ ಬರೆದೆ. ಹದಿನೇಳು ಸಾಲು ಆಯಿತು. ಆ ಬಳಿಕ ಅವನ ದನಿ ಬಿದ್ದುಹೋಯಿತು. ಇನ್ನೂ ಸುಮಾರು ಎರಡು ಸಾಲಿನಷ್ಟು ಹೇಳಿದ. ಹಗ್ಗದ ಈಚೆಗೆ ಬರಲಿಲ್ಲ. ಆ ಜಾಗದಲ್ಲಿ ಚುಕ್ಕೆ ಇಟ್ಟೆ. ಬಾಣಂತಿ ಮನೆಯವನು ನಾನು, ಹಗ್ಗ ದಾಟಲಿಲ್ಲ. ಮರುದಿನ ಬೆಳಗ್ಗೆ ಅವನು ತೀರಿಕೊಂಡ. ಮುಂಬಯಿಗೆ ತಾರು ಹೋಯಿತು. ಅವನ ಪೆಟ್ಟಿಗೆಯಲ್ಲಿ ಸಿಕ್ಕ ವಿಳಾಸಕ್ಕೆ ನಾನು ಆ ಕಾಗದವನ್ನು ಹಾಕಿದೆ. ಅದರಲ್ಲಿ ಏನಿದೆಯೆಂದು ಬರೆದವನಿಗೇ ಗೊತ್ತಿರಲಿಲ್ಲ.

ಈ ವರ್ಷ ಹೋಳಿಯ ಹೊತ್ತಿಗೆ ಅವನ ತಾಯಿಯ ಉತ್ತರ ಬಂತು. ಎಲ್ಲವೂ ನನಗೆ ಬರುವ ಅಕ್ಷರದಲ್ಲಿಯೇ. ಜಿನ್ನಿನ ಕಟ್ಟೆಯ ಮೇಲೆ ಕೂತು ಪೂರ್ತಿ ಗಟ್ಟಿಯಾಗಿ ಓದಿದೆ. ಒಂದು ಅಕ್ಷರಕ್ಕೂ ತಡವರಿಸಲಿಲ್ಲ, ಒಂದು ಮಾತೂ ತಿಳಿಯಲಿಲ್ಲ. ಹಮಾಲರು ಸುತ್ತ ನಿಂತು ಕೇಳಿ, ಏನಂತಾಳ್ರೀ ಎಂದರು. ಗೊತ್ತಿಲ್ಲ ಎಂದೆ. ಅದರ ನಕಲು ಮಾಡಿ ಮುಂಬಯಿಯ ಹತ್ತಿ ಪೇಟೆಯಲ್ಲಿರುವ ಒಬ್ಬ ಜಪಾನಿಗೆ ಕಳಿಸಿದೆ. ಅವನು ಅದರ ಅರ್ಥವನ್ನು ಮರಾಠಿ ಗುಮಾಸ್ತನಿಗೆ ಹೇಳಿ ಬರೆಸಿ ಕಳಿಸಿದ, ನಮ್ಮ ಗಂಗಯ್ಯ ಮಾಸ್ತರರು ಅದನ್ನು ಕನ್ನಡದಲ್ಲಿ ಓದಿ ಹೇಳಿದರು.

ನನ್ನ ಕಾಗದದಲ್ಲಿ ತಪ್ಪು ಹನ್ನೊಂದು ಇದ್ದವಂತೆ, ಆದರೂ ಎಲ್ಲ ತಿಳಿಯಿತಂತೆ. ಮಗನ ಚಳಿಯ ಅಂಗಿಯನ್ನು ಅವನು ಹೇಳಿದಂತೆಯೇ ತಮ್ಮನಿಗೆ ಕೊಟ್ಟಿದ್ದಾಳೆ. ಅಂಗಳದ ಗಿಡ ಕಡಿಸಬೇಡ ಎಂದಿದ್ದನಂತೆ, ಕಡಿಸುವುದಿಲ್ಲ ಎಂದಿದ್ದಾಳೆ. ಇಲ್ಲಿ ತನಗೆ ಒಬ್ಬ ಶಿಷ್ಯ ಇದ್ದಾನೆ, ತನ್ನ ಅಪ್ಪನ ವಯಸ್ಸಿನವನು, ಒಂದು ದಿನವೂ ಪಾಠ ತಪ್ಪಿಸಿಲ್ಲ ಎಂದೂ ಬರೆಸಿದ್ದ. ನನ್ನ ಬಗೆಗಿನ ಮಾತನ್ನು ನನ್ನ ಕೈಯಿಂದಲೇ ಬರೆಸಿದ್ದು ನನಗೆ ಗೊತ್ತಾಗಲೇ ಇಲ್ಲ, ನೋಡು. ಕೊನೆಗೆ ಅವಳು ಕೇಳಿದ್ದು ಇದು, ಮಾಸ್ತರರು ಹೇಳಿದ ಹಾಗೆಯೇ ಬರೆಯುತ್ತೇನೆ: “‘ಅವ್ವಾ, ಇನ್ನೊಂದು ಮಾತು’ ಎಂದು ಅವನು ಹೇಳಿದ ಮೇಲೆ ನೀವು ಚುಕ್ಕೆ ಇಟ್ಟಿದ್ದೀರಿ. ನಿಮಗೆ ಅರ್ಥ ತಿಳಿಯದಿದ್ದರೂ ಅಡ್ಡಿಯಿಲ್ಲ. ಕಿವಿಗೆ ಬಿದ್ದ ಸಪ್ಪಳವನ್ನಷ್ಟೆ ಬರೆದು ಕಳಿಸಿ. ನಾಲ್ಕು ಅಕ್ಷರವಾದರೂ ಸಾಕು, ಉಳಿದದ್ದನ್ನು ನಾನು ಕೂಡಿಸಿಕೊಳ್ಳುತ್ತೇನೆ.”

ಗಂಗಯ್ಯ ಮಾಸ್ತರರು ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ, “ತಾಯಿ ಜೀವಕ್ಕ ಸಮಾಧಾನ ಆಗೂವಂಥಾ ಒಂದೆರಡು ಮಾತ ಬರದಬಿಡ್ರಿ ಅಂದಾನೆಪ್ಪ. ಯಾರಿಗೂ ಲುಕ್ಸಾನ ಇಲ್ಲ” ಎಂದರು. ಮುಂಬಯಿಯವನೂ ಅಂಥದೊಂದು ಸಾಲನ್ನು ತಾನಾಗಿಯೇ ಬರೆದು ಕಳಿಸಿದ್ದ. ಅಕ್ಷರ ತಿದ್ದುವಷ್ಟೇ ಕೆಲಸ. ನನಗೆ ಕೈ ಬರಲಿಲ್ಲ. ಅವನು ನನಗೆ ಕಲಿಸಿದ್ದು ಕೇಳಿದ್ದನ್ನು ಬರೆಯುವುದು. ಕೇಳದೇ ಇದ್ದದ್ದನ್ನು ಅವನ ಹೆಸರಿನಲ್ಲಿ, ಅವನ ತಾಯಿಗೆ ಹೇಗೆ ಬರೆಯಲಿ? ಮುಂಬಯಿಗೆ ಮತ್ತೆ ಕಾಗದ ಹಾಕಿ ಬೇರೆ ಮಾತು ತರಿಸಿಕೊಂಡೆ, ಹೋದ ಸೋಮವಾರ ಉತ್ತರವನ್ನು ಟಪಾಲಿಗೆ ಹಾಕಿದೆ. ನೀನು ಕೇಳಿದ್ದಕ್ಕೆ ಇದು ಉತ್ತರ.

ಉಳಿದಂತೆ ಊರಲ್ಲಿ ಎಲ್ಲ ಸರಿಯಿದೆ. ಎಮ್ಮೆ ಈದಿದೆ. ನಾಗರಪಂಚಮಿಗೆ ಕರೆಯಲು ನಾನೇ ಬರುತ್ತೇನೆ, ಅಳಿಯಂದಿರಿಗೆ ಮೊದಲೇ ತಿಳಿಸಿಡು. ನಿನ್ನ ಮುತ್ತೈದೆತನ ಗಟ್ಟಿಯಿರಲಿ, ಕೂಸಿನ ಕೈಕಾಲಿಗೆ ಬಲ ಬರಲಿ, ನಿನ್ನ ಮನೆಯ ಒಲೆ ತಣ್ಣಗಾಗದಿರಲಿ.

ನಿನ್ನ ಅಪ್ಪ,
ಅಂದಾನೆಪ್ಪ

ತಾ.ಕ.: ಈ ಹಾಳೆ ನೀನೊಬ್ಬಳೇ ಓದು. ನಿನ್ನ ಕಾಗದದ ಕೊನೆಗೆ, ಆ ತಾಯಿಯ ಎರಡು ಸಾಲು ನನ್ನ ಬಾಣಂತನದ ಸಲುವಾಗಿ ಹೋದವು, ಕೂಸಿನ ಮುಖ ನೋಡಿದಾಗಲೆಲ್ಲ ಅದೇ ನೆನಪಾಗುತ್ತದೆ ಎಂದು ಬರೆದಿದ್ದೀ. ಎರಡು ತಿಂಗಳು ನಾನು ಉತ್ತರ ಕೊಡಲಾರದೆ ಕೂತದ್ದು ಆ ಮಾತಿಗೆ.

ಅಂದು ಅವನ ದನಿ ಬಿದ್ದಾಗ ಲಗಮಣ್ಣ ಬಂದು ಹಗ್ಗವನ್ನು ಎತ್ತಿ ಹಿಡಿದ. “ಬರ್ರಿ, ಎಂಟ ಹೆಜ್ಜಿ ಐತಿ. ನಾ ಮೂರ ವರ್ಷಾತು ಒಳಗ ಹೊರಗ ಅಡ್ಡಾಡಾಕ ಹತ್ತೇನಿ, ನನಗೇನಾಗೇತಿ? ಅಂವಾ ನಿಮಗ ಹೇಳಾಕ ಹತ್ಯಾನ” ಎಂದ. ಸೆಕಿನೋ ಚಾಪೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದ. ತುಟಿ ಅಲುಗುತ್ತಿತ್ತು. ಅವನ ಕುತ್ತಿಗೆಯ ಗಂಟು ಕಂಡಿತು. ನನ್ನ ಕಾಲು ಏಳಲಿಲ್ಲ. ಗುರವ್ವ, ಆ ಹೊತ್ತಿನಲ್ಲಿ ನನಗೆ ನೀನು ನೆನಪಾಗಲಿಲ್ಲ, ಕೂಸೂ ನೆನಪಾಗಲಿಲ್ಲ. ನನಗೆ ಸಾಯುವುದು ಬೇಡವಾಗಿತ್ತು, ಅಷ್ಟೆ. ಅವನು ಹೇಳಿ ಮುಗಿಸುವ ತನಕ ನೋಡುತ್ತ ನಿಂತು, ಚುಕ್ಕೆ ಇಟ್ಟೆ. ಯಾಕ್ರಿ ಎಂದು ಲಗಮಣ್ಣ ಕೇಳಿದ ಮೇಲೆ, “ಮನ್ಯಾಗ ಹಸಿ ಬಾಣಂತಿ ಅದಾಳಪಾ” ಎಂಬ ಮಾತು ಬಾಯಿಗೆ ಬಂತು. ಅಲ್ಲಿಂದ ಅದನ್ನೇ ನಿನ್ನ ಅವ್ವನಿಗೆ ಹೇಳಿದೆ, ಮಾಸ್ತರರಿಗೆ ಹೇಳಿದೆ. ಎಲ್ಲರೂ ಹೌದೆಂದರು.

ಆ ತಾಯಿಗೆ ಬರೆಯಲು ‘ಕೇಳಿಸಲಿಲ್ಲ’ ಎಂಬ ಮಾತನ್ನು ಮುಂಬಯಿಯಿಂದ ಕೇಳಿದ್ದೆ. ಕಿಕೊಎಮಸೆನ್‌ದೆಶಿತ ಎಂದು ಬಂತು. ಅದನ್ನು ಎದುರಿಗೆ ಇಟ್ಟುಕೊಂಡು ಎಂಟು ದಿನ ಕೂತು, ‘ಕೇಳಲಿಲ್ಲ’, ಅಂದರೆ ಹತ್ತಿರ ಹೋಗಿ ಕೇಳುವುದನ್ನು ನಾನೇ ಬಿಟ್ಟೆ, ಎಂಬುದಕ್ಕೆ ಏನನ್ನುತ್ತಾರೆಂದು ಮತ್ತೊಂದು ಕಾಗದ ಹಾಕಿದೆ. ಕಿಕಿಮಸೆನ್‌ದೆಶಿತ. ನಡುವಿನ ಎರಡು ಅಕ್ಷರ ತೆಗೆದು ಒಂದು ಇಟ್ಟರೆ ಆಯಿತು. ನಾನು ಕಳಿಸಿದ್ದು ಇದನ್ನು. ಹೆದರಿ ದೂರ ನಿಂತಿದ್ದೆ ಎಂಬ ಮಾತನ್ನೂ ಅಲ್ಲಿಂದಲೇ ತರಿಸಿ, ಸೇರಿಸಿ. ಅವಳು ಇನ್ನು ಬರೆಯುತ್ತಾಳೋ ಇಲ್ಲವೋ ತಿಳಿಯದು.

ನಿನ್ನನ್ನು ನಾನು ನೆಪಕ್ಕೆ ಅಡ್ಡ ಹಿಡಿದದ್ದು ಆಮೇಲೆ. ಕೂಸಿನ ಮುಖ ಸಮಾಧಾನದಿಂದ ನೋಡು.