ಬೋರ್ಡಿಗೆ ಒಪ್ಪಿಕೊಂಡೆ

ಕೂಕಟ್‌ಪಲ್ಲಿ, ಹೈದರಾಬಾದ್
೧೮ ಫೆಬ್ರವರಿ ೨೦೨೪

ಪ್ರೀತಿಯ ಅಮರೇಶಪ್ಪಾ,

ಶರಣು. ರಾಯಚೂರಿನಲ್ಲಿ ನೀನೂ ಅಂಬವ್ವನೂ, ಗಂಡಹೆಂಡತಿ ಇಬ್ಬರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಸಂಕ್ರಾಂತಿಗೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನಿನಗೆ ಕಿವಿ ಕೇಳದಾದ ಮೇಲೆ ಫೋನಿನಲ್ಲಿ ಜಗಳಾಡುವ ಸುಖ ಹೋಯಿತು. ಪತ್ರದಲ್ಲಿ ಜಗಳಾಡಲು ತಯಾರಿ ಬೇಕು ಮಾರಾಯ.

ಸುದ್ದಿ ಏನೆಂದರೆ, ನಮ್ಮ ಅಂಗಡಿಯಲ್ಲಿ ಇನ್ನು ಆಂಪ್ಲಿಫೈಯರಿಗೆ ಕೈಯಿಂದ ವೈರ್ ಜೋಡಿಸುವುದಿಲ್ಲ. ಯುಗಾದಿಯಿಂದ, ವೈರಿನ ದಾರಿಯೆಲ್ಲ ಅಚ್ಚಾಗಿಯೇ ಬರುವ ಸರ್ಕ್ಯೂಟ್ ಬೋರ್ಡು. ಎದ್ದು ನಿಂತಿರುತ್ತೀಯ, ಕುಳಿತುಕೊ.

"ಬೋರ್ಡ್ ಅಂದ್ರ ರೆಡಿಮೇಡ್ ಅಂಗಿ ಇದ್ದಂಗ, ಯಾರ ಮೈಗೂ ಸರಿ ಕೂಡಂಗಿಲ್ಲ" ಎಂದು ಊರಿಗೆಲ್ಲ ಸಾರಿದವನು ನಾನೇ. ಈಗಲೂ ಅದು ಸುಳ್ಳಲ್ಲ. ಉಪ್ಪಲ್‌ನ ಭಜನಾ ಮಂಡಳಿಯವರು ನೀನು ಅಂಗಡಿಯಲ್ಲಿದ್ದಾಗ ನಾವಿಬ್ಬರೂ ಕೂಡಿ ಮಾಡಿದ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ ತಂದಿದ್ದರು. ಒಂದು ಕೆಪಾಸಿಟರ್ ಬದಲಿಸಿದೆ, ಮತ್ತೆ ಹಾಡಿತು. ಅವರದೇ ಹೊಸ ಪೆಟ್ಟಿಗೆಯ ಬೋರ್ಡು ಸುಟ್ಟಿತ್ತು, ಅದನ್ನು ಇಡಿಯಾಗಿ ಎಸೆಯಬೇಕಾಯಿತು.

ಆದರೆ ಈಗ ಅಂಗಡಿ ನೋಡಿಕೊಳ್ಳುವ ನನ್ನ ಮಗಳು ಭವಾನಿ ಹೇಳುತ್ತಿದ್ದುದೂ ಸುಳ್ಳಲ್ಲ. "ನಿನ್ನ ಹತ್ತು ಪೆಟಗಿ ಹತ್ತು ದನಿ ಮಾಡ್ತಾವಪ್ಪಾ. ಬೋರ್ಡ್ ಹಾಕಿದ್ರ ನೂರಕ್ಕೂ ಒಂದ ದನಿ." ವೈರ್ ಒಂಚೂರು ಸರಿದರೆ ಗುಂಯ್ ಎನ್ನುವ ಕಾಟ ಬೋರ್ಡಿಗಿಲ್ಲ. ಒಂದು ಗುಂಯ್ ಹುಡುಕಲು ಬಿದಿರು ಕಡ್ಡಿಯಿಂದ ವೈರು ತಟ್ಟುತ್ತ ನಾವು ಇಡೀ ಹಗಲು ಕಳೆಯುತ್ತಿದ್ದೆವಲ್ಲ. ನನ್ನ ಹೆಂಡತಿ ಅದಕ್ಕೆ ಹುಚ್ಚು ಅನ್ನುತ್ತಿದ್ದಳು.

ಈಚೆಗೆ ಭವಾನಿ ಬೋರ್ಡಿನ ಮಾತನ್ನೇ ಬಿಟ್ಟಿದ್ದಳು. ಹೋದ ವಾರ ನಾನಾಗಿಯೇ "ಬೋರ್ಡ್ ಹಾಕೂಣವ್ವ" ಎಂದರೆ, ಕುಣಿಯಬೇಕಾದವಳು ತಿರುಗಿ ಬಿದ್ದಳು. "ಬ್ಯಾಡಪ್ಪಾ. ಜನ ನಿನ್ನ ಕೈಕೆಲಸ ಕೇಳ್ಕೊಂಡು ಬರ್ತಾರ" ಎಂದು ಕಣ್ಣು ತುಂಬಿಕೊಂಡಳು. ಅಳಿಯ ಸಮರ್ಥ್ ನಮ್ಮಿಬ್ಬರ ಮುಖ ನೋಡಿ, "ಮಾವಾರ, ಮೊದಲ ನೀವಿಬ್ರೂ ಉಲ್ಟಾ ಇದ್ರಲ್ರಿ?" ಎಂದ. ನಾನು ಪಟ್ಟು ಬಿಡಲಿಲ್ಲ. "ನೀ ಗೆದ್ದಿ, ಸುಮ್ನಿರು" ಎಂದೆ. ನಿನ್ನೆ ಮುಖ ಊದಿಸಿಕೊಂಡೇ ಬೋರ್ಡಿನ ನಕ್ಷೆ ಹಾಕಲು ಕುಳಿತಳು.

ಅಂಬವ್ವನ ಶೇಂಗಾ ಚಟ್ನಿ ಮುಗಿದಿದೆ ಎಂದು ಅವಳಿಗೆ ಹೇಳು, ಕೇಳಿದೆ ಎಂದು ಹೇಳಬೇಡ. ನಿಮ್ಮ ಮನೆ ತಣ್ಣಗಿರಲಿ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ
ಮಾಣಿಕಪ್ಪ

ತಾ.ಕ.: ಇದು ನಿನಗೊಬ್ಬನಿಗೆ. ವರ್ಷದಿಂದ ನನ್ನ ಕೈ ನಡುಗುತ್ತದೆ. ಆದರೂ ಬೆಸುಗೆ ಚೆನ್ನಾಗಿಯೇ ಬರುತ್ತಿದೆ ಎಂದು ಬೀಗುತ್ತಿದ್ದೆ. ದೀಪಾವಳಿಗೆ ನಾನು ಮಾಡಿಕೊಟ್ಟಿದ್ದ ಒಂದು ಪೆಟ್ಟಿಗೆ ಹದಿನೈದು ದಿನದ ಹಿಂದೆ ಧೂಳು ತೆಗೆಯಲು ವಾಪಸು ಬಂತು. ತೆರೆದೆ. ವೈರು ಕಟ್ಟಿದ ಮೇಣದ ದಾರದ ಗಂಟುಗಳೆಲ್ಲ ಎಡಕ್ಕೆ ತಿರುಗಿದ್ದವು. ನೀನೂ ನಾನೂ ಬಲಕ್ಕೆ ಗಂಟು ಹಾಕುವವರು. ನಮ್ಮಲ್ಲಿ ಎಡಗೈಯವಳು ಭವಾನಿ ಒಬ್ಬಳೇ. ನಾನು ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ, ತನ್ನ ಊಟ ಬಿಟ್ಟು, ನಾನು ಜೋಡಿಸಿದ್ದನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸುತ್ತಿದ್ದಾಳೆ ಅಮರೇಶಾ. ನನಗೆ ತಿಳಿಯಿತೆಂದು ಅವಳಿಗೆ ಗೊತ್ತಾಗುವುದು ಬೇಡ. ಬೋರ್ಡು ಬಂದರೆ ಅವಳಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ.

ಹಳೆಯ ಆರ್ಡರಿನ ಎರಡು ಪೆಟ್ಟಿಗೆ ಇನ್ನೂ ಉಳಿದಿವೆ. ಇವತ್ತು ಊಟಕ್ಕೆ ಹೊರಟಾಗ, "ಸಾವಕಾಶ ಬಾ ಅಪ್ಪಾ, ಅವಸರ ಏನೈತಿ" ಎಂದಳು. ಸಾವಕಾಶವೇ ಬಂದೆ.